ಮಾವ ಹಂಚಿದ ಗ್ರಹಣದ ಕನ್ನಡಕ

ನಾನು ಆದೋನಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಒಂದು ಕೆಲಸ ಕೈಗೆತ್ತಿಕೊಂಡರೆ ಅದು ನಾನು ಹೇಳಿದ ಹಾಗೆಯೇ ನಡೆಯಬೇಕು; ಹಟಮಾರಿ ಅನ್ನುವವರು ಅನ್ನಲಿ. ಕೆಲವು ವರ್ಷಗಳ ಹಿಂದೆ ಡಿಸೆಂಬರಿನ ಸೂರ್ಯಗ್ರಹಣವನ್ನು ಕಾಲೇಜು ಮೈದಾನದಲ್ಲಿ ಊರವರಿಗೆಲ್ಲ ತೋರಿಸುವುದೆಂದು ತೀರ್ಮಾನವಾದಾಗ, ಪ್ರಿನ್ಸಿಪಾಲರು ಅದನ್ನು ನನ್ನ ತಲೆಗೆ ಕಟ್ಟಿದರು. ನನಗೂ ಬೇಕಾಗಿದ್ದದ್ದು ಅದೇ. ಗೇಟು ಒಂದು, ಸಾಲು ಎರಡು, ಬೇವಿನ ಮರದ ಕೆಳಗೆ ಕುಡಿಯುವ ನೀರು, ಹತ್ತಿರದ ಆಲೂರಿನ ಶಾಲೆಮಕ್ಕಳಿಗೆ ಮುಂದಿನ ಜಾಗ. ಎಕ್ಸ್‌ರೇ ಹಾಳೆ, ತಂಪು ಕನ್ನಡಕ, ಅರಿಶಿನ ನೀರಿನ ತಟ್ಟೆ ತಂದವರು ಅವನ್ನು ಗೇಟಿನಲ್ಲೇ ಬಿಟ್ಟು ಒಳಗೆ ಬರಬೇಕು.

ನಮ್ಮಲ್ಲಿ ಪರೀಕ್ಷೆ ಮಾಡಿಟ್ಟ ಕನ್ನಡಕಗಳು ಕಡಿಮೆ ಇದ್ದವು. ಹತ್ತಿ ವ್ಯಾಪಾರಿಯಾದ ನನ್ನ ಮಾವ, ಅಂದರೆ ಗಂಡನ ತಂದೆ, ಇದನ್ನು ಕೇಳಿ ದೊಡ್ಡ ಡಬ್ಬದ ತುಂಬ ಗ್ರಹಣದ ಕನ್ನಡಕ ತರಿಸಿಬಿಟ್ಟರು. ಒಂದೊಂದರ ಮೇಲೂ ತಮ್ಮ ಅಂಗಡಿಯ ಹೆಸರು. ಹಿಂದಿನ ದಿನ ಸಂಜೆ ಡಬ್ಬವನ್ನು ನನ್ನ ಮುಂದಿಟ್ಟು ಹೆಮ್ಮೆಯಿಂದ ಕೂತರು. ನಾನು ಒಂದನ್ನು ಹಾಕಿಕೊಂಡು ಟ್ಯೂಬ್‌ಲೈಟ್ ಕಡೆ ನೋಡಿದೆ. ಲೈಟೂ ಕಂಡಿತು, ಪಕ್ಕದ ಕ್ಯಾಲೆಂಡರೂ ಕಂಡಿತು. ಸರಿಯಾದ ಕನ್ನಡಕವಾದರೆ ಮನೆಯೊಳಗಿನ ಯಾವುದೂ ಹೀಗೆ ಕಾಣಬಾರದು.

"ಇವು ಬ್ಯಾಡ್ರಿ ಮಾವಾರೆ. ಇವನ್ನ ಹಾಕ್ಕೊಂಡು ಸೂರ್ಯನ್ನ ನೋಡಿದ್ರ ಕಣ್ಣು ಹೋಗತಾವ."

ಅತ್ತೆ ಅಡುಗೆಮನೆಯಿಂದಲೇ, "ದಾನಕ್ಕ ಕೊಟ್ಟ ಎಮ್ಮಿ ಹಲ್ಲು ಹಿಡದು ನೋಡಿದಂಗಾತು" ಎಂದರು.

ಮಾವನವರ ಮುಖ ಕೆಂಪಾಯಿತು. "ಮ್ಯಾಲೆ ಸೇಫ್ ಅಂತ ಬರದಾರಲ್ಲ?"

"ಮಾರ್ಕೆಟ್ ಯಾರ್ಡಿನಾಗ ನೀವು ರಾಶಿ ಮ್ಯಾಲಿನ ಹತ್ತಿ ನೋಡಿ ಖರೀದಿ ಮಾಡತೀರೇನ್ರಿ? ಮೊಣಕೈತನಕ ಕೈ ಹಾಕಿ ಒಳಗಿಂದು ಎಳದು ನೋಡತೀರಲ್ಲ?"

ಮಾವ ಡಬ್ಬದ ತಳಕ್ಕೆ ಕೈಹಾಕಿ ಒಂದನ್ನು ತೆಗೆದು ಹಾಕಿಕೊಂಡರು. ನಡುವಿನಿಂದ ಇನ್ನೊಂದು, ಮೂಲೆಯಿಂದ ಮತ್ತೊಂದು. ಪ್ರತಿ ಸಲವೂ ಲೈಟು ಕಂಡಿತು. ಕೊನೆಗೆ ಮೆಲ್ಲಗೆ, "ಮುಂಜಾನೆ ಯಾರ್ಡಿನ ಹಮಾಲರಿಗೆಲ್ಲ ಹಂಚಿ ಬಂದೀನವ್ವ" ಎಂದರು.

ನನ್ನ ಪ್ಲಾನೆಲ್ಲ ಕಾಂಪೌಂಡಿನ ಒಳಗಿನದು. ಹೊರಗೆ ಎಷ್ಟು ಮನೆಗಳಲ್ಲಿ ಮಕ್ಕಳು ಆ ಕನ್ನಡಕ ಇಟ್ಟುಕೊಂಡು ಬೆಳಗಾಗುವುದನ್ನು ಕಾಯುತ್ತಿದ್ದರೋ! ಮಾವ ಕೂಡಲೇ ಸ್ಕೂಟರ್ ತೆಗೆದರು. ಕೊಟ್ಟದ್ದನ್ನು ವಾಪಸ್ ಕೇಳುವುದೆಂದರೆ ಅವರಂಥ ವ್ಯಾಪಾರಿಗೆ ತಲೆ ತಗ್ಗಿಸುವ ಮಾತು. ಆದರೂ ಹಮಾಲರ ಓಣಿಯಲ್ಲಿ ಬಾಗಿಲು ಬಾಗಿಲಿಗೆ ನಿಂತು, "ನಾ ಕೊಟ್ಟ ಮಾಲು ಖರಾಬ್ ಐತಿ, ವಾಪಸ್ ಇವ್ವಂಡಿ" ಎಂದು ಕನ್ನಡಕ್ಕೆ ತೆಲುಗು ಬೆರೆಸಿ ಬೇಡಿದರಂತೆ. ಊಟದ ಹೊತ್ತಿಗೆ ಚೀಲ ತುಂಬಿಸಿಕೊಂಡು ಬಂದರು. ಒಂದು ಮನೆಗೆ ಬೀಗ ಇತ್ತು ಎಂದಷ್ಟೇ ಹೇಳಿದರು.

ಮರುದಿನ ಮೈದಾನ ತುಂಬಿತು. ಸಾಲು ಕದಲಲಿಲ್ಲ, ನೀರು ಸಾಲದೆ ಬರಲಿಲ್ಲ, ಸರದಿಯ ಪ್ರಕಾರ ಎಲ್ಲರೂ ನೋಡಿದರು. ಸೂರ್ಯ ಕುಡುಗೋಲಿನ ಹಾಗಾದಾಗ ಆಲೂರಿನ ಮಕ್ಕಳು ಕೇಕೆ ಹಾಕಿದರು. ನಾನು ಬೀಗುತ್ತ ಓಡಾಡಿದೆ, ಸುಳ್ಳು ಯಾಕೆ ಹೇಳಲಿ. ಮಾವನವರಿಗೆಂದು ಹಾಕಿಸಿದ ಕುರ್ಚಿ ಮಾತ್ರ ಖಾಲಿ ಇತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಕ್ಕೆ ಮುನಿದರೆ ಮುನಿಯಲಿ ಎಂದುಕೊಂಡೆ. ಆದರೂ ಮತ್ತೆ ಮತ್ತೆ ಗೇಟಿನ ಕಡೆ ನೋಡುತ್ತಿದ್ದೆ.

ಗ್ರಹಣ ಬಿಟ್ಟ ಮೇಲೆ ಅವರು ಬಂದರು. ಧೋತರಕ್ಕೆಲ್ಲ ಧೂಳು, ಕೈಯಲ್ಲಿ ಒಂದೇ ಒಂದು ಕನ್ನಡಕ. ನಿನ್ನೆ ಬೀಗ ಹಾಕಿದ್ದ ಮನೆಯದು. ಆ ಮನೆಯ ಪುಟ್ಟ ಹುಡುಗಿ, ಅಜ್ಜಿ ಗದರಿದರೂ ಕೊಡಲೊಲ್ಲೆನೆಂದು ಹಟ ಹಿಡಿದಿದ್ದಳಂತೆ.

"ಕಸಗೊಂಡು ಬರಬೇಕಿಲ್ಲರಿ? ಗ್ರಹಣ ತಪ್ಪಿಸಿಕೊಂಡ್ರಿ" ಎಂದೆ.

"ಅಳಾಕತ್ತಿದ್ದಳವ್ವ ಆಕಿ. ನಾನ ಕೊಟ್ಟಿದ್ದು, ಹ್ಯಾಂಗ ಕಸಗೊಳ್ಳಲಿ? ಬಾಗಿಲಾ ಹಾಕಿಸಿ, ಆಕೀನ್ನ ಎದುರಿಗೆ ಕುಂದ್ರಿಸಿಕೊಂಡೆ. ಹಾಕ್ಕೋ, ಸೂರ್ಯ ಬ್ಯಾಡ, ನನ್ನ ಮಾರಿ ನೋಡು ಅಂದೆ. ಗ್ರಹಣ ಬಿಡೋತನಕ ಮಾರಿ ಮ್ಯಾಲಿನ ಸುಕ್ಕು ಎಣಿಸಿದ್ಳು. ಆಮ್ಯಾಲೆ ತಾನ ಬಿಚ್ಚಿ ಕೊಟ್ಟಳು."