ಗಂಜಿಗೆ ಬಿದ್ದ ಫೋನೂ ಚಿಮಟದಕ್ಕನ ಪುಸ್ತಕವೂ

ನನ್ನ ಹೊಲಿಗೆ ಅಂಗಡಿಗೂ ಚಿಮಟದಕ್ಕನ ಫೋನ್ ರಿಪೇರಿ ಅಂಗಡಿಗೂ ನಡುವೆ ಇರುವುದು ಒಂದೇ ಒಂದು ಹಲಗೆ ಗೋಡೆ. ನಾನು ಬೈದದ್ದು ಅವಳಿಗೆ ಕೇಳುತ್ತದೆ, ಅವಳು ನಕ್ಕದ್ದು ನನಗೆ ಕೇಳುತ್ತದೆ. ಹನ್ನೊಂದು ವರ್ಷದಿಂದ ಹೀಗೇ ನಡೆದಿದೆ. ಇಬ್ಬರಲ್ಲಿ ಗಂಟಲಿಗೆ ಹೆಚ್ಚು ದುಡಿಮೆ ಕೊಟ್ಟವನು ನಾನೇ.

ಅವಳ ಅಪ್ಪ ಗಡಿಯಾರ ರಿಪೇರಿಯವರು. ಜನ ಗಡಿಯಾರ ಕಟ್ಟುವುದು ಬಿಟ್ಟು ಫೋನಿನಲ್ಲೇ ಟೈಮ್ ನೋಡತೊಡಗಿದಾಗ ಅಪ್ಪ ಫೋನುಗಳಿಗೆ ಶಾಪ ಹಾಕುತ್ತ ಕೂತರು. ಮಗಳು ಒಂದು ಕೆಟ್ಟ ಫೋನು ತಂದು ಅಪ್ಪನ ಮೇಜಿನ ಮೇಲೇ, ಅಪ್ಪನ ಚಿಮಟದಿಂದಲೇ ಬಿಚ್ಚಿದಳು. ಮೂರು ದಿನ ಅವರು ಮಾತು ಬಿಟ್ಟರಂತೆ. ನಾಲ್ಕನೇ ದಿನ, “ಆ ಸ್ಕ್ರೂ ಹಂಗೆ ತಿರುಗಿಸಬೇಡ” ಅಂದರಂತೆ. ಅವಳ ಓದು, ಪರೀಕ್ಷೆ, ಸರ್ಟಿಫಿಕೇಟು ಎಲ್ಲ ಅಷ್ಟೇ. ಅಪ್ಪ ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಭೂತಗನ್ನಡಿಯನ್ನೇ ಇವತ್ತಿಗೂ ಸಿಕ್ಕಿಸಿಕೊಂಡು ಕೂರುತ್ತಾಳೆ. ಗಂಡ ಬಸ್ ಓಡಿಸುತ್ತಾನೆ. ಊರವರ ಫೋನೆಲ್ಲ ರಿಪೇರಿ ಮಾಡುವ ಈ ಮಹಾತಾಯಿಯ ಗಂಡನ ಫೋನಿನ ಗಾಜು ಮಾತ್ರ ಮದುವೆಯಾದಾಗಿನಿಂದ ಒಡೆದೇ ಇದೆ.

ಅವಳ ಅಂಗಡಿಯಲ್ಲಿ ಒಂದು ಪುಸ್ತಕವಿದೆ. ಒದ್ದೆಯಾದ ಫೋನು ತಂದವರು ಅದರಲ್ಲಿ ಸ್ವಂತ ಕೈಯಲ್ಲಿ ಎರಡು ಮಾತು ಬರೆಯಬೇಕು: ಏನು ಬಿತ್ತು, ಆಮೇಲೆ ನೀವೇನು ಮಾಡಿದಿರಿ. ಎಲ್ಲರೂ ಬರೆಯುವುದು ಒಂದೇ: ‘ನೀರು. ಏನೂ ಮಾಡಿಲ್ಲ.’ ಅವಳು ಬಿಚ್ಚಿ, ಮೂಸಿ ನೋಡಿ, ಕೆಳಗೆ ಕೆಂಪು ಶಾಯಿಯಲ್ಲಿ ನಿಜ ಬರೆಯುತ್ತಾಳೆ. ಹೆಡ್‌ಮೇಷ್ಟ್ರು ಮುತ್ತು ಪೋಣಿಸಿದ ಹಾಗೆ ‘ನೀರು’ ಅಂತ ಬರೆದಿದ್ದಾರೆ. ಕೆಳಗೆ ಕೆಂಪಗೆ ‘ಬಿಯರ್’. ಇನ್ನೊಬ್ಬ ಗೃಹಸ್ಥ ಏನೂ ಮಾಡಿಲ್ಲವಂತೆ. ಚಾರ್ಜಿನ ತೂತಿನಲ್ಲಿ ಅಕ್ಕಿಕಾಳು ಸಿಕ್ಕಿತು. “ಅಕ್ಕಿ ಫೋನಿನೊಳಗಿನ ನೀರೆಲ್ಲ ಹೀರೋ ಹಂಗಿದ್ರೆ ನಾನು ದಿನಸಿ ಅಂಗಡಿ ಇಡ್ತಿದ್ದೆ” ಅಂದಳು ಚಿಮಟದಕ್ಕ.

ಪುಸ್ತಕ ಯಾವಾಗಲೂ ಕಟ್ಟೆಯ ಮೇಲೇ ಬಿದ್ದಿರುತ್ತದೆ. ಚಹಾದ ಹೊತ್ತಿಗೆ ಅದನ್ನು ಬೀದಿಗೆಲ್ಲ ಕೇಳುವಂತೆ ಓದುತ್ತಿದ್ದವನು ನಾನು. ಕಲಿತದ್ದು ಐದನೇ ಕ್ಲಾಸಾದರೂ ಕೆಂಪಕ್ಷರ ಓದುವಾಗ ನನ್ನ ನಾಲಗೆ ಒಂದು ಸಲವೂ ತಡವರಿಸಿದ್ದಿಲ್ಲ.

ಆ ಬುಧವಾರ ಕಾಲರುಗಳನ್ನು ಅದ್ದಲೆಂದು ಗಂಜಿಯ ಬೋಗುಣಿಯ ಮೇಲೆ ಬಗ್ಗಿದೆ. ಜೇಬಿನಿಂದ ಫೋನು ಜಾರಿ ಗುಳುಂ ಎಂದು ಮುಳುಗಿತು. ‘ಜೇಬಲ್ಲಿಟ್ಕೊಂಡು ಬಗ್ಗಬೇಡಿ’ ಎಂದು ನನ್ನ ಹೆಂಡತಿ ದಿನಾ ಹೇಳುತ್ತಿದ್ದಳು, ಆದ್ದರಿಂದಲೇ ನಾನು ದಿನಾ ಜೇಬಲ್ಲಿಡುತ್ತಿದ್ದೆ. ತೆಗೆದು ಒರೆಸಿದೆ. ಇಪ್ಪತ್ತೆಂಟು ವರ್ಷ ಒದ್ದೆ ಬಟ್ಟೆ ಒಣಗಿಸಿದವನಿಗೆ ಅಂಗೈ ಅಗಲದ ಫೋನು ಒಣಗಿಸಲು ಬಾರದೇ? ತೆಳು ಬಟ್ಟೆ ಹಾಸಿ, ಇಸ್ತ್ರಿಪೆಟ್ಟಿಗೆಯನ್ನು ರೇಷ್ಮೆಯ ಶಾಖಕ್ಕಿಟ್ಟು, ನಾಲ್ಕು ಸಲ ಹಾಯಿಸಿದೆ. ಫೋನು ಚೆನ್ನಾಗಿ ಒಣಗಿತು. ಆನ್ ಆಗಲಿಲ್ಲ, ಅಷ್ಟೇ.

ಅದರೊಳಗೆ ಒಂದು ಬ್ಯಾಂಡ್ ತಂಡದ ಹದಿನಾಲ್ಕು ಜನರ ಕೋಟಿನ ಅಳತೆ ಇತ್ತು. ಚೀಟಿಗಳ ಫೋಟೋ ಹೊಡೆದುಕೊಂಡು ಚೀಟಿ ಎಸೆದಿದ್ದೆ. ಅವರು ಊರೂರು ತಿರುಗುತ್ತಿದ್ದರು, ಹನ್ನೆರಡು ದಿನಕ್ಕೆ ಬಂದು ಕೋಟು ತೊಟ್ಟು ನೇರ ಮೈದಾನಕ್ಕಿಳಿಯುವವರು. ಬ್ಯಾಂಡ್ ಮಾಸ್ಟರನ ನಂಬರೂ ಅದರಲ್ಲೇ. ಅಳತೆ ಪುಸ್ತಕ ಇಟ್ಟುಕೊಳ್ಳಿ ಎಂದು ಹೆಂಡತಿ ಅಂದದ್ದಕ್ಕೆ ಒಂದು ದೊಡ್ಡ ಜಗಳ ಮಾಡಿ, ಹಳೆಯ ಪುಸ್ತಕವನ್ನು ಕಸದ ಬುಟ್ಟಿಗೆ ಹಾಕಿದ್ದವನೂ ನಾನೇ. ಅಳತೆ ಹೋದರೆ ಕೋಟೂ ಹೋಯಿತು, ಬೀದಿಯಲ್ಲಿ ನನ್ನ ಇಪ್ಪತ್ತೆಂಟು ವರ್ಷದ ಹೆಸರೂ ಹೋಯಿತು.

ಫೋನು ಹಿಡಿದು ಪಕ್ಕದ ಅಂಗಡಿಗೆ ಹೋದೆ. “ಬನ್ನಿ ಟೈಲರಣ್ಣ, ಓದೋಕಾ?” ಅಂದಳು ಚಿಮಟದಕ್ಕ.

“ರಿಪೇರಿಗೆ. ಬ್ಯಾಂಡಿನವರ ಅಳತೆಯೆಲ್ಲ ಇದರಲ್ಲೇ ಇದೆ.”

ಪುಸ್ತಕ ತಿರುಗಿಸಿ ಪೆನ್ನು ಮುಂದಕ್ಕೆ ತಳ್ಳಿದಳು. ಪಕ್ಕದ ಸ್ಟೂಲಿನಲ್ಲಿ ಹೆಡ್‌ಮೇಷ್ಟ್ರು ತಮ್ಮ ಫೋನಿಗಾಗಿ ಕಾಯುತ್ತ ಕೂತಿದ್ದರು, ಅದೃಷ್ಟ ನೋಡಿ. ನಾನು ಗಂಭೀರವಾಗಿ ಬರೆದೆ: ‘ನೀರು. ಏನೂ ಮಾಡಿಲ್ಲ.’

ಅವಳು ಹಿಂಬದಿ ಬಿಚ್ಚಿ, ಮೂಸಿದಳು. “ಬರೀ ನೀರಾ?”

“ಬರೀ ನೀರು! ನಲ್ಲೀ ನೀರು! ನಂಬಿಕೆ ಇಲ್ಲಾಂದ್ರೆ ವಾಪಸ್ ಕೊಡು!”

“ಕೂಗಬೇಡಿ, ಈಗ ನಡುವೆ ಗೋಡೆ ಇಲ್ಲ, ಚೆನ್ನಾಗೇ ಕೇಳ್ತಿದೆ. ನೋಡಿ, ನೀರಾದ್ರೆ ಸ್ಪಿರಿಟ್ ಹಾಕಿ ಉಜ್ತೀನಿ, ಕ್ಷಣದಲ್ಲಿ ಆರುತ್ತೆ. ಗಂಜಿನೋ ಗಿಂಜಿನೋ ಆಗಿದ್ರೆ ಸ್ಪಿರಿಟ್ ತಾಗಿದ ಕೂಡ್ಲೆ ಹೆಪ್ಪುಗಟ್ಟಿ ಕೂರುತ್ತೆ. ಆಮೇಲೆ ನಿಮ್ಮ ಅಳತೆ ಹುಡುಕೋಕೆ ಉಳಿ ಸುತ್ತಿಗೆ ತರ್ಬೇಕು.” ಬ್ರಷ್ಷನ್ನು ಸ್ಪಿರಿಟ್ಟಿಗೆ ಅದ್ದಿ ಎತ್ತಿದಳು. ತುದಿಯಲ್ಲಿ ಒಂದು ಹನಿ ತೂಗಾಡಿತು. “ಹಾಕ್ಲಾ?”

“ತಡಿ! ಗಂಜಿ.”

“ಸ್ವಲ್ಪ ಜೋರಾಗಿ, ಟೈಲರೇ,” ಅಂದರು ಹೆಡ್‌ಮೇಷ್ಟ್ರು. “ಹಿಂದಿನ ಬೆಂಚಿಗೆ ಕೇಳಿಸಲಿಲ್ಲ.”

“ಗಂಜಿ! ಗಂಜಿ! ಸಾಕಾ?”

“ಆಮೇಲೆ?” ಅಂದಳು ಚಿಮಟದಕ್ಕ. “ಇದರ ಅಂಟೆಲ್ಲ ಕರಗಿದೆಯಲ್ಲ, ಅದ್ಹೇಗೆ?”

“ಇಸ್ತ್ರಿ ಮಾಡ್ದೆ ಕಣಮ್ಮ. ಜಾಸ್ತಿ ಏನಿಲ್ಲ, ರೇಷ್ಮೆ ಶಾಖ.”

ಅವಳು ಭೂತಗನ್ನಡಿ ತೆಗೆದು ಬರಿಗಣ್ಣಿನಲ್ಲೇ ನನ್ನನ್ನು ನೋಡಿದಳು. “ಗಂಜಿ ಹಾಕಿ, ಇಸ್ತ್ರೀನೂ ಮಾಡಿದೀರ. ಮಡಿಸಿ ಕೊಡ್ಲಾ, ಹ್ಯಾಂಗರಿಗೆ ಹಾಕ್ಲಾ?”

ಹೆಡ್‌ಮೇಷ್ಟ್ರು ಸ್ಟೂಲಿನಿಂದ ಬೀಳುವುದೊಂದು ಬಾಕಿ.

ಉಬ್ಬಿದ ಬ್ಯಾಟರಿ ಕೈಗೆ ಬಂದಾಗ ಮಾತ್ರ ಅವಳ ನಗು ಹೋಯಿತು. ಅದನ್ನು ಹೊರಗೆ ಮರಳಿನ ಡಬ್ಬಿಯಲ್ಲಿಟ್ಟು ಬಂದು, “ಇನ್ನೊಂದು ಸಲ ಹಾಯಿಸಿದ್ರೆ ಕಾಲರಿನ ಜೊತೆ ಕುತ್ತಿಗೇನೂ ಸುಟ್ಕೋತಿದ್ರಿ” ಅಂದಳು. ಬೈಗುಳ ನನ್ನ ಕಸುಬು. ಆ ದಿನ ಮಾತ್ರ ಹೋಗಿ ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಕಿತ್ತು ಬಂದೆ.

ಫೋನಿನೊಳಗಿನ ಹಸಿರು ಸರ್ಕ್ಯೂಟ್ ಹಲಗೆಯನ್ನು ಚಿಮಟದಲ್ಲಿ ಹಿಡಿದು ಬೆಚ್ಚಗಿನ ಶುದ್ಧ ನೀರಿನಲ್ಲಿ ನೆನೆಸಿದಳು. ಗಂಜಿ ಮೆತ್ತಗಾದಷ್ಟೂ ಬ್ರಷ್ಷಿನಿಂದ ಎಬ್ಬಿಸಿದಳು, ಮತ್ತೆ ನೆನೆಸಿದಳು. ಒಂದು ಮಧ್ಯಾಹ್ನ ಪೂರ್ತಿ ಹೋಯಿತು. ಎಲ್ಲ ಬಿಟ್ಟ ಮೇಲೆಯೇ ಸ್ಪಿರಿಟ್ಟಿನಲ್ಲಿ ತೊಳೆದದ್ದು. ನಾನು ಗೋಡೆಯ ಈಚೆ ಕೂತು ಒಂದೇ ಗುಂಡಿಯನ್ನು ಐದು ಸಲ ಹೊಲಿದು ಐದು ಸಲ ಬಿಚ್ಚಿದೆ.

ಮಾರನೆಯ ದಿನ ಬೇರೆ ಬ್ಯಾಟರಿ, ಬೇರೆ ಪರದೆ ಜೋಡಿಸಿ ಒತ್ತಿದಳು. ಬೆಳಕು ಬಂತು. ಹದಿನಾಲ್ಕು ಚೀಟಿಯ ಫೋಟೋವೂ ಬಂತು. ಡೋಲಿನವನ ಸೊಂಟದ ಅಳತೆಯ ಮೇಲೆ ಮಾತ್ರ ಸ್ಪಷ್ಟವಾಗಿ ಬಂದಿದ್ದದ್ದು ನನ್ನ ಹೆಬ್ಬೆರಳು. ಮಾಸ್ಟರನಿಗೆ ಫೋನು ಮಾಡಿ ಕೇಳಬೇಕಾಯಿತು.

ಅಷ್ಟರಲ್ಲಿ ಹೆಂಡತಿ ಬಂದಳು, ಕೈಯಲ್ಲಿ ನಾನು ಎಸೆದಿದ್ದ ಹಳೆಯ ಅಳತೆ ಪುಸ್ತಕ. “ಖಾಲಿ ಹಾಳೆ ಇನ್ನೂ ಇವೆ” ಎಂದಷ್ಟೇ ಹೇಳಿ ಸ್ಟೂಲಿನಲ್ಲಿ ಕೂತಳು. ಚಿಮಟದಕ್ಕ ಫೋನು ನೋಡಿ ಅಳತೆ ಓದಿದಳು, ಹೆಂಡತಿ ಬರೆದುಕೊಂಡಳು. ಇಬ್ಬರೂ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಹೊಡೆದಿದ್ದರೂ ತಡೆದುಕೊಳ್ಳಬಹುದಿತ್ತು.

ಕೋಟುಗಳು ಹನ್ನೆರಡನೇ ದಿನಕ್ಕೆ ಸರಿಯಾಗಿ ಮೈಮೇಲೆ ಕೂತವು. ಚಿಮಟದಕ್ಕನ ಪುಸ್ತಕದಲ್ಲಿ ನನ್ನ ‘ನೀರು’ ಕೆಳಗೆ ಕೆಂಪು ಶಾಯಿ ಇಲ್ಲ. ಪೆನ್ನನ್ನು ನನ್ನ ಕೈಗೇ ಕೊಟ್ಟು ಬರೆಸಿದಳು: ‘ಗಂಜಿ. ಇಸ್ತ್ರಿ, ನಾಲ್ಕು ಸಲ.’ ಈಗ ಚಹಾದ ಹೊತ್ತಿಗೆ ಓದುವ ಕೆಲಸ ಹೆಡ್‌ಮೇಷ್ಟ್ರದ್ದು. ನನ್ನ ಆ ಒಂದು ಹಾಳೆಯ ಅಂಚು ಅವರು ತಿರುವಿ ತಿರುವಿ ಆಗಲೇ ಕಪ್ಪಾಗಿದೆ.