ಬೆಟ್ಟದ ನೆರಳಲ್ಲಿ ಹುಟ್ಟಿದ ಯಂತ್ರ

೧೯೯೫ರಲ್ಲಿ ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಪ್ರೊಡಕ್ಷನ್ ಎಂಜಿನಿಯರ್. ಪಂಪುಗಳ ಎರಕದ ಕವಚಗಳಿಗೆ ಕರಾರುವಾಕ್ಕಾಗಿ ರಂಧ್ರ ಕೊರೆಯಲು ಚೆಕ್ ದೇಶದಿಂದ ಹೊಸ ಬೋರಿಂಗ್ ಮೆಷಿನ್ ತರಿಸಿದ್ದೆವು. ಬಂದ ದಿನದಿಂದಲೂ ಅದು ನಮ್ಮನ್ನು ಆಟ ಆಡಿಸಿತು. ಬೆಳಿಗ್ಗೆ ಕೊರೆದ ರಂಧ್ರ ನೇರ, ಮಧ್ಯಾಹ್ನದ್ದು ಓರೆ. ಓರೆಯೆಂದರೆ ಕೂದಲೆಳೆಗಿಂತ ಕಡಿಮೆಯೇ. ಆದರೆ ಗಿರಾಕಿ ಮಾಲು ವಾಪಸ್ ಕಳಿಸಲು ಅಷ್ಟು ಸಾಕಿತ್ತು.

"ಮುದ್ದೆ ಹೊಡ್ಕೊಂಡು ಬಂದು ತೂಕಡಿಸ್ತೀಯ ಕಣೋ" ಎಂದು ಎಲ್ಲರೂ ಆಪರೇಟರ್ ನಂಜುಂಡನನ್ನು ರೇಗಿಸಿದರು. ದಾಸರಹಳ್ಳಿಯ ಆಸಾಮಿ ಬಿಡುತ್ತಾನೆಯೇ? "ನಾಳೆ ಉಪವಾಸ ನಿಂತ್ಕೋತೀನಿ. ಆಗ್ಲೂ ಓರೆ ಬಂದ್ರೆ ನೀವೇ ಮುದ್ದೆ ತಂದ್ಕೊಡ್ಬೇಕು" ಎಂದ. ನಿಂತೂಬಿಟ್ಟ. ರಂಧ್ರ ಓರೆಯೇ ಬಂತು.

ಕೊನೆಗೆ ಮೆಷಿನ್ ತಯಾರಿಸಿದವರು ತಮ್ಮ ಎಂಜಿನಿಯರ್ ಯಾರೋಸ್ಲಾವ್‌ನನ್ನು ಕಳಿಸಿದರು. ನಮ್ಮ ಮಾಲೀಕರು ದಾವಣಗೆರೆ ಕಡೆಯ ಬಸವರಾಜಪ್ಪನವರು. "ಈ ವಾರದೊಳಗೆ ಸರಿ ಹೋಗ್ಲಿಲ್ಲ ಅಂದ್ರೆ ಪ್ಯಾಕ್ ಮಾಡಿ ಕಳಿಸ್ತೀನಿ, ಹೇಳ್ರಿ ಅವರಿಗೆ" ಎಂದರು. ಹೇಳಿದೆ. ಆತನ ಮುಖ ಬಾಡಿಹೋಯಿತು.

ಆತ ಗೇರು, ಬೇರಿಂಗು, ಲೆವೆಲ್ಲು ಎಲ್ಲವನ್ನೂ ಜಾಲಾಡಿದ. ಏನೂ ಸಿಗಲಿಲ್ಲ. ಶುಕ್ರವಾರ ಊಟದ ಹೊತ್ತಿನಲ್ಲಿ, ಸುಮ್ಮನೆ ಮಾತಿಗೆಳೆಯಲೆಂದು, ನಿಮ್ಮ ಊರು ಯಾವುದು ಎಂದು ಕೇಳಿದೆ. ಸೀಮೆಸುಣ್ಣ ಹಿಡಿದು ನೆಲದ ಮೇಲೆ ಬರೆಯತೊಡಗಿದ.

ಇಕ್ಕಟ್ಟಾದ ಕಣಿವೆ, ನಡುವೆ ಹಳ್ಳ, ದಡದಲ್ಲಿ ನೂರೈವತ್ತು ಮನೆಗಳು, ಒಂದು ಚರ್ಚು. ಹಿಂದೆ ಹಳ್ಳದ ನೀರಿನಿಂದ ಚಕ್ರ ತಿರುಗಿಸಿ ಅಲ್ಲಿ ಕಬ್ಬಿಣ ಬಡಿಯುತ್ತಿದ್ದರಂತೆ. ಎರಡನೇ ಮಹಾಯುದ್ಧ ಮುಗಿದಾಗ ತಲೆತಲಾಂತರದಿಂದ ಅಲ್ಲಿದ್ದ ಜರ್ಮನ್ನರನ್ನು ಹೊರಗಟ್ಟಿದರು. ಖಾಲಿ ಮನೆಗಳಿಗೆ ಬಂದವರಲ್ಲಿ ಇವನ ಅಪ್ಪನೂ ಒಬ್ಬ. ಕುಲುಮೆ ಸರ್ಕಾರದ ಕಾರ್ಖಾನೆಯಾಯಿತು. ಈಗ ದೇಶವೇ ಎರಡಾಗಿ ಆರ್ಡರುಗಳು ನಿಂತಿವೆ. "ಈ ಮೆಷಿನ್ ವಾಪಸ್ ಬಂದರೆ ಕಾರ್ಖಾನೆ ಮುಚ್ಚುತ್ತದೆ. ಆಮೇಲೆ ನಮ್ಮೂರಲ್ಲಿ ಯಾರಿಗೂ ಕೆಲಸವಿಲ್ಲ" ಎಂದ.

ಆ ಚಿತ್ರದಲ್ಲಿ ತಮ್ಮ ಕಾರ್ಖಾನೆಯ ಪಶ್ಚಿಮಕ್ಕೆ ಒಂದು ದೊಡ್ಡ ಗೀಟು ಎಳೆದಿದ್ದ. ಇದೇನು ಎಂದೆ.

"ಬೆಟ್ಟ. ಮಧ್ಯಾಹ್ನವಾದರೆ ನಮಗೆ ಬಿಸಿಲೇ ಇಲ್ಲ."

ಇಬ್ಬರೂ ಒಟ್ಟಿಗೆ ತಲೆ ಎತ್ತಿದೆವು. ನಮ್ಮ ಶೆಡ್ಡಿನ ಪಶ್ಚಿಮದ ಸಾಲು ಕಿಟಕಿಗಳಿಂದ ಬಿಸಿಲು ಆಗತಾನೇ ಮೆಷಿನ್ನಿನ ಉದ್ದನೆಯ ತಳಪಾಯದ ಒಂದೇ ಮಗ್ಗುಲಿಗೆ ಬೀಳತೊಡಗಿತ್ತು. ಒಂದು ಕಡೆ ಕಾದ ಕಬ್ಬಿಣ ಹಿಗ್ಗಿ ಬಾಗುತ್ತಿತ್ತು! ಅವರು ಕಳಿಸಿದ್ದ ನಕ್ಷೆಯಲ್ಲಿ ಆ ಮಗ್ಗುಲು ಬಿಸಿಲು ತಾಗದ ಉತ್ತರಕ್ಕಿತ್ತು. ಕೆಲಸ ಮಾಡುವವನ ಮುಖ ಪೂರ್ವಕ್ಕಿರಬೇಕೆಂದು ಬಸವರಾಜಪ್ಪನವರೇ ಮೆಷಿನ್ನನ್ನು ತಿರುಗಿಸಿ ಕೂರಿಸಿದ್ದರು; ಹಾಗಾಗಿ ಆ ಮಗ್ಗುಲು ಪಶ್ಚಿಮದ ಕಿಟಕಿಗಳ ಕಡೆಗೆ ಬಂದಿತ್ತು.

ಕಿಟಕಿಗಳಿಗೆ ಟಾರ್ಪಾಲ್ ಕಟ್ಟಿ, ಕಬ್ಬಿಣ ಆರುವವರೆಗೆ ಕಾದು, ಸಂಜೆ ಒಂದು ಕವಚ ಕೊರೆದೆವು. ಯಾರೋಸ್ಲಾವ್ ಅಳತೆ ನೋಡಿದ, ಮತ್ತೊಮ್ಮೆ ನೋಡಿದ, ಅಲ್ಲೇ ನೆಲಕ್ಕೆ ಕುಳಿತುಬಿಟ್ಟ. ರಂಧ್ರ ನೇರವಾಗಿತ್ತು.

ಮೆಷಿನ್ನನ್ನು ತಿರುಗಿಸಲು ಮಾತ್ರ ಮಾಲೀಕರು ಸುತರಾಂ ಒಪ್ಪಲಿಲ್ಲ. "ಪೂರ್ವಕ್ಕಿರೋ ಮುಖ ಪೂರ್ವಕ್ಕೇ ಇರ್ಲಿ. ಬೇಕಾದ್ರೆ ಸೂರ್ಯನಿಗೆ ಗೋಡೆ ಕಟ್ರಿ!" ಎಂದರು. ಕಿಟಕಿಗಳ ಜಾಗಕ್ಕೆ ಗೋಡೆ ಎದ್ದಿತು. ನಂಜುಂಡ ಅದಕ್ಕೆ ಚೆಕ್ ಬೆಟ್ಟ ಎಂದು ಹೆಸರಿಟ್ಟ. ಸೋತವರು ತಂದ ಮುದ್ದೆಯನ್ನು ಯಾರೋಸ್ಲಾವ್‌ಗೂ ಬಡಿಸಿ, "ಅಗೀಬೇಡಿ ಸಾರ್, ನುಂಗ್ರಿ" ಎಂದು ಕಲಿಸಿದ. ಮರುವರ್ಷ ಅದೇ ಊರಿನಿಂದ ನಮಗೆ ಇನ್ನೊಂದು ಮೆಷಿನ್ ಬಂತು.

ಹೊಸಬರು ಬಂದರೆ ನಮ್ಮಜ್ಜಿ ನೀರು ಕೊಟ್ಟು ಮೊದಲು ಕೇಳುತ್ತಿದ್ದುದು, "ಯಾವೂರಾಯ್ತಪ್ಪಾ?" ಅಂದಿನಿಂದ ನಿವೃತ್ತನಾಗುವವರೆಗೂ, ಯಾವ ಯಂತ್ರ ಬಂದರೂ ಸ್ಪ್ಯಾನರ್ ಹಿಡಿಯುವ ಮುಂಚೆ ನಾನೂ ಅದನ್ನೇ ಕೇಳಿದೆ.