ಮರೆವ್ವನ ಹಿಮ್ಮಡ, ತಿರ್ಲಾಪುರದ ಬಸ್ಸು

ಹೊತ್ತ ಹುಟ್ಟಾಕ ಇನ್ನ ಎರಡ ತಾಸ ಐತಿ. ರಾತ್ರಿ ನಾಕ ಹನಿ ಮಳಿ ಆಗೇತಿ. ತಿರ್ಲಾಪುರದ ಹೊರಗ ಕರೇ ಎರಿಮಣ್ಣಿನ ರಸ್ತೆದ ನಡುವ ಒಬ್ಬಾಕಿ ಕಚ್ಚಿ ಬಿಗದ ಬರಿಗಾಲಲೆ ನಿಂತಾಳ. ಎಡಗಾಲ ಮುಂದ ಇಡ್ತಾಳ, ಹಿಮ್ಮಡ ಊರಿ ಮೈಭಾರ ಎಲ್ಲಾ ಅದರ ಮ್ಯಾಲ ಬಿಡ್ತಾಳ, ಸಾವಕಾಶ ಎತ್ತತಾಳ. ಹಿಮ್ಮಡಕ್ಕ ಮಣ್ಣ ಹತ್ತಲಿಲ್ಲಂದ್ರ ಮುಂದ ಹೋಗತಾಳ. ಹತ್ತಿತಂದ್ರ ಬಾಜು ಕಲ್ಲಮಣ್ಣಿನ ಗರಸಿನ ಗುಂಪಿಗಿ ಹೋಗಿ ಬುಟ್ಟಿ ತುಂಬಿ ತರತಾಳ, ಸುರುವತಾಳ, ತುಳೀತಾಳ, ಮತ್ತ ಹಿಮ್ಮಡ ಊರತಾಳ. ಹಿಂಗ ಮೂರ ಮೈಲ, ಊರಿಂದ ಡಾಂಬರ ರಸ್ತೆದ ಕ್ರಾಸಿನ ಮಟ. ಏಳಕ್ಕ ನವಲಗುಂದದಿಂದ ಕೆಂಪು ಬಸ್ಸ ಬರತೈತಿ. ಅಷ್ಟರಾಗ ಇಕಿ ಅಲ್ಲಿ ಮುಟ್ಟಬೇಕ.

ಇಕಿ ಮರೆವ್ವ. ವಯಸ್ಸ ಕೇಳಿದ್ರ, "ಐವತ್ತರ ಹಿಡೀರಿ, ಅರವತ್ತರ ಹಿಡೀರಿ, ಬುಟ್ಟಿ ಏನ ಹಗರ ಆಗೂದಿಲ್ಲ" ಅಂತಾಳ. ರಸ್ತಾ ಕೂಲಿ. ಗಂಡ ಗುಡದಪ್ಪನೂ ಅದ ಗ್ಯಾಂಗಿನಾಗ ಇದ್ದ, ತೀರಕೊಂಡು ಒಂಬತ್ತ ವರ್ಷ ಆತು. ಪೇಪರಿನಾಗ ಇಕಿ ಫೋಟೋ ಬರೂದು ದೂರ ಉಳೀತು, ಹಾಜರಿ ಬುಕ್ಕಿನಾಗ ಇಕಿ ಹೆಸರ ಇಲ್ಲ. "ಗುಡದಪ್ಪನ ಹೇಣ್ತಿ" ಅಂತ ಬರದಾರ. ಅಂವ ಸತ್ತ ಮ್ಯಾಲೂ ಹಂಗ ಐತಿ.

ಈಗ ಬಸ್ಸಿನ ಸುದ್ದಿ. ಬೆಂಗಳೂರಿಂದ ನಮ್ಮ ಚಾದಂಗಡಿ ಮಟ ಈ ವರ್ಷ ಒಂದ ಜಗಳ: ಸರ್ಕಾರಿ ಬಸ್ಸಿಗಿ ಸರ್ಕಾರ ರೊಕ್ಕ ಹಾಕಬೇಕೋ ಬ್ಯಾಡೋ. ಒಂದ ಕಡಿಯವ್ರು, ಬಸ್ಸಂದ್ರ ಸಾಲಿ ಇದ್ದಂಗ, ದವಾಖಾನಿ ಇದ್ದಂಗ, ಅದರಾಗ ಲಾಭ ಹುಡುಕಬಾರದು ಅಂತಾರ. ಇನ್ನೊಂದ ಕಡಿಯವ್ರು, ತೂತ ಬಿದ್ದ ಕೊಡಕ್ಕ ಎಷ್ಟ ನೀರ ಹಾಕತೀರಿ ಅಂತಾರ. ಎರಡೂ ಕಡಿಯವ್ರು ಅಂಬಾಸಿಡರ್ ಕಾರಿನಾಗ ಬಂದು ಜಗಳಾಡಿ, ಅಂಬಾಸಿಡರ್ ಕಾರಿನಾಗ ತಿರಗಿ ಹೋಗತಾರ. ಬಸ್ಸಿಗಿ ಕಾಯೂ ಮಂದಿ ಮಾತ್ರ ಹುಣಸಿಗಿಡದ ಕೆಳಗ ಕಾಯಕೋತ ನಿಂತಿರತೈತಿ.

ನವಲಗುಂದದಾಗ ತೂತಿನ ಕೊಡದ ಕಡಿ ದೊಡ್ಡ ದನಿ ಅಂದ್ರ ತಾಲೂಕಾ ಬೋರ್ಡಿನ ಮೆಂಬರ ಮಡಿವಾಳೆಪ್ಪನವ್ರದು. ಹತ್ತಿ ಅರಳಿ ವ್ಯಾಪಾರಸ್ಥರು, ಮಾತ ಅಂದ್ರ ಕಲ್ಲ ಬೀಸಿ ಹೊಡದಂಗ. "ಮೂರ ಮೈಲ ರಾಡಿ ಒಳಗ ಬಸ್ಸ ಇಳಸೂದು ಅಂದ್ರ ಸರ್ಕಾರದ ರೊಕ್ಕ ಎರಿ ಹೊಲದಾಗ ಹೂಳಿದಂಗ. ಕ್ರಾಸಿನ ಮಟ ಬರತೈತಿ, ಸಾಕ. ದೇವರು ಕಾಲ ಕೊಟ್ಟಾನ, ನಡೀಲಿ" ಅಂತ ಮೀಟಿಂಗಿನಾಗ ಟೇಬಲ ಬಡದ ಹೇಳಿದ್ರು. ಊರವ್ರು ಹಟ ಬಿಡಲಿಲ್ಲ. ಕಡೀಕ ಒಂದ ಕರಾರ ಆತು. ಈ ಮಳಿಗಾಲ ಪೂರ್ತಿ, ದಸರಾ ಮಟ, ಬಸ್ಸ ಊರೊಳಗ ಬಂದ ನೋಡ್ಲಿ. ಒಂದ ದಿವ್ಸ ರಾಡ್ಯಾಗ ಸಿಗಬಿತ್ತೋ, ಮುಗೀತು, ಕಾಯಂ ಕ್ರಾಸಿಗೇ ನಿಂದರತೈತಿ. ಬಸ್ಸಿನ ಮುಂದಿನ ಬೋರ್ಡ ಸುದ್ದಾ ಬದಲಿ ಮಾಡಲಿಲ್ಲ. "ತಿರ್ಲಾಪುರ ಕ್ರಾಸ್" ಅಂತನ ಇತ್ತು.

ಮರೆವ್ವಗ ಯಾರೂ ಏನೂ ಹೇಳಿದ್ದಿಲ್ಲ. ಅಕಿ ಕೂಲಿ ಚಾಲೂ ಆಗೂದು ಎಂಟಕ್ಕ. ಅದರ ಮೊದಲಿನ ದುಡಿಮಿಗಿ ಯಾರೂ ಕೂಲಿ ಕೊಡೂದಿಲ್ಲ. ಮೊದಲನೇ ದಿವ್ಸ ಕ್ರಾಸಿಗಿ ಹೋಗಿ, ಡ್ರಾಯವರ ಇಮಾಮುದ್ದೀನಗ ಅಕೀನ ಹೇಳಿದ್ಲು, "ನನ್ನ ಕೋಲ ನೋಡ್ರಿ ಸಾಹೇಬ್ರ. ನೆಟ್ಟಗ ಹಿಡದಿದ್ರ ಬರ್ರಿ. ದಾರಿಗಿ ಅಡ್ಡ ಒಗದಿದ್ರ ಅರ್ಧ ತಾಸ ಚಾ ಕುಡೀರಿ, ಅಷ್ಟರಾಗ ಗರಸ ಹಾಕತೇನಿ."

"ಚಾ ಯಾರ ಕುಡಸ್ತಾರ ಬೇ?"

"ಬಸ್ಸ ಸಿಗಬಿದ್ರ ನೌಕರಿ ಹೋಗತೈತಿ, ಇಂವಗ ಚಾದ್ದ ಚಿಂತಿ."

ಅವತ್ತಿಂದ ಇಮಾಮುದ್ದೀನ ಕೋಲ ನೋಡದ ಗಿಯರ ಹಾಕೂದಿಲ್ಲ. "ಬ್ರೇಕ ಒಮ್ಮೊಮ್ಮಿ ಮೋಸ ಮಾಡೇತ್ರಿ. ಇಕಿ ಹಿಮ್ಮಡ ಮಾಡಿಲ್ಲ" ಅಂತಾನ.

ಮೂರ ಮೈಲಿನಾಗ ಕೆಟ್ಟ ಜಾಗಾ ಹನ್ನೊಂದ. ಮಳಿ ಬಿದ್ದ ಮರುದಿವ್ಸ ಎಪ್ಪತ್ತ ಬುಟ್ಟಿ ಗರಸ. ಬಸ್ಸಿನಾಗ ಹೋಗೂ ಮಂದಿ ಅರವತ್ತರ ಹತ್ರ, ಅದರಾಗ ಹೈಸ್ಕೂಲ ಹುಡುಗ್ಯಾರ ಇಪ್ಪತ್ತೆರಡ. ಮರೆವ್ವನ ಮನ್ಯಾಗ ಸಾಲಿಗಿ ಹೋಗಾವ್ರು ಯಾರೂ ಇಲ್ಲ. ಮತ್ತ್ಯಾಕ ಇಷ್ಟ ಜೀವಾ ಬಡಕೋತಿ ಅಂದ್ರ ಬುಟ್ಟಿ ಕೆಳಗ ಇಟ್ಟ ಹೇಳತಾಳ:

"ನನ್ನ ಗಂಡಗ ಜ್ವರಾ ಬಂದಾಗ ಮೂರ ಮನಿ ಚಕ್ಕಡಿ ಕೇಳಿದ್ನಿರಿ. ಎತ್ತ ದಣದಾವಂದ್ರು, ಗಾಲಿ ಮುರದೈತಿ ಅಂದ್ರು. ನಮ್ಮನ್ನ ಚಕ್ಕಡ್ಯಾಗ ಕುಂಡ್ರಿಸಿಕೊಳ್ಳೂದಿಲ್ರಿ, ನಿಮಗ ಗೊತ್ತಿದ್ದದ್ದ ಐತಿ. ಬಸ್ಸಿನಾಗ ಟಿಕೀಟ ಕೇಳತಾರ, ಓಣಿ ಕೇಳೂದಿಲ್ಲ."

ಹಸ್ತಾ ಮಳಿ ಎರಡ ದಿವ್ಸ ಜಡದ ಹೊಡೀತು. ಮೂರನೇ ದಿವ್ಸ ಚುರುಚುರು ಬಿಸಲ. ದಸರಾಕ್ಕ ಇನ್ನ ಆರ ದಿವ್ಸ. ನಾಕನೇ ಮುಂಜಾನಿ ಬೋರ್ಡಿನ ಮೆಂಬರಗೋಳು ಕಣ್ಣಲೆ ನೋಡೂಣು ಅಂತ ಜೀಪ ತಗೊಂಡ ಬಂದ್ರು. ಮುಂದಿನ ಸೀಟಿನಾಗ ಮಡಿವಾಳೆಪ್ಪನವ್ರು. ಅವ್ರ ಹಿಂದ ಸ್ವಲ್ಪ ದೂರದಾಗ ಬಸ್ಸ, ಅದರ ತುಂಬ ಇವತ್ತಿನ ತಮಾಷಾ ನೋಡಾಕ ಕ್ರಾಸಿಗಿ ನಡದ ಹೋಗಿ ಹತ್ತಿದ ಊರ ಮಂದಿ.

ಎರಿಮಣ್ಣಿನ ಕಪಟ ಅಂದ್ರ ಇದು. ಮಳಿ ನಿಂತ ಒಂದ ದಿವ್ಸ ಬಿಸಲ ಬಿದ್ರ ಮ್ಯಾಲ ಕೆನಿ ಕಟ್ಟತೈತಿ. ನೋಡಾಕ ಹಪ್ಪಳ ಒಣಗಿದಂಗ, ಕೆಳಗ ಅಂಬಲಿ. ಹುಣಸಿಗಿಡದ ತಿರವಿನಾಗ ನಡುವ ಮರೆವ್ವ ಹಾಕಿದ ಗರಸು, ತೆಗ್ಗದಿನ್ನಿ, ಕೆಸರ, ಹೇಸಿ ಕಾಣತಿತ್ತು. ಎಡಬಾಜು ಸಪಾಟ, ಸ್ವಚ್ಛ, ಒಣಾ.

ಅಕಿ ಕೋಲ ನೆಟ್ಟಗ ಹಿಡದಿದ್ಲು. "ನಡುವನ ಬರ್ರಿ ಸಾಹೇಬ್ರ. ಬಾಜು ಇಳೀಬ್ಯಾಡ್ರಿ."

"ಬಾಜು ಒಣಗೇತಿ. ನಿನಗ ಕಣ್ಣ ಕಾಣೂದಿಲ್ಲೇನ?" ಅಂದ್ರು ಮಡಿವಾಳೆಪ್ಪನವ್ರು.

"ಕಾಣತಾವ್ರಿ. ಎರಿ ನೋಡಿ ತಿಳಿಯೂದಲ್ಲ, ತುಳದ ತಿಳಿಯೂದು."

ಅವ್ರು ಜೀಪಿನ ಡ್ರಾಯವರಗ ಎಡಕ್ಕ ಕೈ ಮಾಡಿದ್ರು. ಜೀಪ ಹತ್ತ ಮಾರ ಚಂದ ಹೋತು. ಆಮ್ಯಾಲ ಹೊಂಡದಾಗ ಎಮ್ಮಿ ಕುಂತಂಗ ಕುಂತಬಿಡ್ತು. ಎಕ್ಸಲರೇಟರ ಒತ್ತಿದಂಗೆಲ್ಲಾ ಇನ್ನಷ್ಟ ಇಳೀತು. ಮೆಂಬರಗೋಳು ಇಳದ್ರು, ಅವ್ರೂ ಮೊಣಕಾಲಮಟ ಹೋದ್ರು. ಒಬ್ರ ಚಪ್ಪಲಿ ಇವತ್ತಿಗೂ ಅಲ್ಲೇ ಐತಿ.

ಅಷ್ಟರಾಗ ಬಸ್ಸ ತಿರವಿಗಿ ಬಂತು. ಇಲ್ಲೆ ನೋಡ್ರಿ ಮಜಾ. ಆ ಜಾಗಾದಾಗ ಬಸ್ಸ ನಿಂತ್ರ ಕುಂದರತೈತಿ, ನಿಂದರಬಾರದು. ಮೆಂಬರಗೋಳು ಎರಡೂ ಕೈ ಎತ್ತಿ ನಿಲ್ಸು ಅಂತ ಒದರತಾರ. ಇಮಾಮುದ್ದೀನ ಕೈ ನೋಡಲಿಲ್ಲ, ಕೋಲ ನೋಡಿದ. ನೆಟ್ಟಗ ಐತಿ. ಒಂದನೇ ಗಿಯರ, ಎತ್ತಿನ ನಡಿಗಿ. ಬಸ್ಸಿನಾಗಿನ ಅರವತ್ತ ಮಂದಿ ಉಸರ ಹಿಡದ ಕುಂತೈತಿ. ಹಿಂದಿನ ಗಾಲಿ ಒಮ್ಮಿ ಜಾರಿತು, ಗರಸ ಕಚ್ಚಿತು, ಹೋತು. ಮೆಂಬರಗೋಳ ಮೂಗಿನ ಮುಂದ ದಾಟಿ, ಐವತ್ತ ಹೆಜ್ಜಿ ಆಚೆ ಗಟ್ಟಿ ಜಾಗಾದಾಗ ನಿಂತು ಹಾರ್ನ ಹೊಡೀತು. ರಾಡಿ ತುಳಕೋತ ಎಲ್ಲಾರೂ ಹೋಗಿ ಹತ್ತಿದ್ರು, ಮರೆವ್ವನೂ ಹತ್ತಿದ್ಲು. ಕಂಡಕ್ಟರ ಮಾಳಪ್ಪ ಮೆಂಬರಗೋಳ ಮುಂದ ಬಂದು ಪಂಚ ಟಕಟಕ ಮಾಡಿದ. "ಟಿಕೀಟ ತಗೋರಿ ಸಾಹೇಬ್ರ. ಜೀಪಿನಂಗ ಪುಗಸಟ್ಟೆ ಅಲ್ಲ ಇದು."

ಕುಂದರಾಕ ಒಂದ ಜಾಗಾ ಇತ್ತು, ಮರೆವ್ವನ ಬಾಜು. ಮಡಿವಾಳೆಪ್ಪನವ್ರು ರಾಡಿ ಧೋತರ ಹಿಡಕೊಂಡು ನಿಂತ ಬಿಟ್ಟಿದ್ರು. ಅಕಿ ಸ್ವಲ್ಪ ಸರದ್ಲು. "ಕುಂದರ್ರಿ. ಟಿಕೀಟ ತಗಸೀರಲ್ಲ."

ಕುಂತ್ರು. ಊರ ಮಟ ಧೋತರದ ರಾಡಿ ಕೆರಕೋತ ಹೋದ್ರು.

ಮುಂದಿನ ಮೀಟಿಂಗಿನಾಗ ಎಲ್ಲಾರೂ ಅವ್ರು ಟೇಬಲ ಬಡೀತಾರ ಅಂತ ಕುಂತಿದ್ರು. ಬಡದ್ರು ಖರೆ, ಮಾತ ಬ್ಯಾರೆ. "ಲುಕ್ಸಾನ, ಲುಕ್ಸಾನ ಅಂತಿದ್ದೆ. ಆ ಲುಕ್ಸಾನದಾಗ ನಾನ ಮೊಣಕಾಲಮಟ ನಿಂತ ಬಂದೀನಿ. ಸರ್ಕಾರದ ಜೀಪ ಹೋಗಲಿಲ್ಲ, ಒಬ್ಬಾಕಿ ಹಾಕಿದ ಎಪ್ಪತ್ತ ಬುಟ್ಟಿ ಗರಸಿನ ಮ್ಯಾಲ ಅರವತ್ತ ಮಂದಿ ಹೋತು. ಎಪ್ಪತ್ತ ಬುಟ್ಟಿಗಿ ಇಷ್ಟ ಆದ್ರ ಮೂರ ಮೈಲ ಗರಸಿಗಿ ಎಷ್ಟಾಗತೈತಿ, ಲೆಕ್ಕಾ ನೀವ ಹಾಕ್ರಿ." ವಿರೋಧ ಮಾಡಾಕ ಯಾರೂ ಏಳಲಿಲ್ಲ. ವಿರೋಧ ಮಾಡೂ ಮನಷ್ಯಾನ ಎದ್ದ ನಿಂತಿದ್ರಲ್ಲ.

ಮಳಿಗಾಲ ಮುಗೀತು. ಬಸ್ಸ ಒಂದ ದಿವ್ಸಾನೂ ಸಿಗಬೀಳಲಿಲ್ಲ. ಈಗ ಅದು ಕಾಯಂ ಆಗೇತಿ, ಸಂಜಿಮುಂದ ಇನ್ನೊಂದ ಟ್ರಿಪ್ಪೂ ಬಂದೈತಿ, ಟ್ರ್ಯಾಕ್ಟರ ಗರಸ ತಂದ ಸುರುವಾಕ ಹತ್ಯಾವು. ಬೋರ್ಡಿನವ್ರು ಮರೆವ್ವಗ ಶಾಲ ಹೊಚ್ಚತೀವಿ ಅಂದ್ರು. "ಶಾಲ ಹೊತ್ತಕೊಂಡ ಬುಟ್ಟಿ ಹೊರಾಕ ಆಗೂದಿಲ್ರಿ. ಏನರ ಕೊಡಾವ್ರಿದ್ರ, ಬಸ್ಸಿನ ಮಾರಿ ಮ್ಯಾಲ ಎರಡ ಮಾತ ಬರದಾರಲ್ಲ, ಹಿಂದಿಂದು ಅಳಸ್ರಿ" ಅಂದ್ಲು. ಓದಾಕ ಬರೂದಿಲ್ಲ ಅಕಿಗಿ. ಹಿಂದಿನ ಮಾತ ಅಂದ್ರ ಕ್ರಾಸು ಅನ್ನೂದು ಮಾತ್ರ ಗೊತ್ತ.

ಇವತ್ತ ಹೊತ್ತ ಹುಟ್ಟೂದಕ್ಕೂ ಕ್ರಾಸಿನಾಗ ಬಸ್ಸ ತಿರಗೂದಕ್ಕೂ ಸರಿ ಆಗತೈತಿ. ಮರೆವ್ವ ಕೋಲ ದಾರಿಗಿ ಅಡ್ಡ ಒಗೀತಾಳ. ಇಮಾಮುದ್ದೀನ ಗಪ್ಪನ ಬ್ರೇಕ ಹಾಕಿ ತಲಿ ಹೊರಗ ಹಾಕತಾನ.

"ಎಲ್ಲೆ ಕೆಟ್ಟೈತಿ ಬೇ?"

"ಎಲ್ಲೂ ಕೆಟ್ಟಿಲ್ಲ. ನಿಂದರ ಸ್ವಲ್ಪ."

ಬಸ್ಸಿನ ಮುಂದ ಬಂದು, ತಲಿ ಎತ್ತಿ, ಹೊಸಾ ಬಣ್ಣದ ಬೋರ್ಡ ನೋಡತಾಳ. ಬೆರಳ ಮಾಡಿ ಒಂದೊಂದ ಅಕ್ಷರ ಎಣಸತಾಳ. ನಾಕ. ನಾಕರ ಹಿಂದ ಮತ್ತೇನೂ ಇಲ್ಲ. ಸೆರಗಲೆ ಮಾರಿ ಒರಸಿಕೊಂಡು ಬಗ್ಗಿ ಕೋಲ ತಗೋತಾಳ, ನೆಟ್ಟಗ ಹಿಡೀತಾಳ.

"ಹೂಂ, ಬರ್ರಿ ಊರಿಗಿ."